ಅಮ್ಮೊದ್ದು, ಅಮ್ಮಂದು: ಮಾತಿನ ಬಿಲ್ಲೆಯ ಒಂದು ಪ್ರಕರಣ

ಈ ಪ್ರಕರಣದ ಕಾಲ ಇನ್ನೂ ಬಂದಿಲ್ಲ. ಇಲ್ಲಿ ಬರುವ ಉಪಕರಣ, ಕುಟುಂಬ, ಜಮೀನು ಮೂರೂ ಕಲ್ಪಿತ. ವಾಕ್ ಚಿಕಿತ್ಸೆ ಕಲಿಯುವವರ ಚರ್ಚೆಗೆಂದು, ಇನ್ನು ಹದಿನೈದು ವರ್ಷಗಳ ಆಚೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಬದಿಯ ಹಳ್ಳಿಯೊಂದರಲ್ಲಿ ನಡೆಯಬಹುದಾದದ್ದನ್ನು ನಡೆದುಹೋದದ್ದೆಂಬಂತೆ ಬರೆದಿದ್ದೇನೆ. ಕಾಯಿಲೆಯ ಸ್ವರೂಪ, ಈವರೆಗಿನ ಸಂಶೋಧನೆಯ ಇಸವಿ ಮತ್ತು ಅಂಕಿಗಳು, ಕಾನೂನಿನ ಕಲಮುಗಳು ಮಾತ್ರ ಇಂದಿನವು ಮತ್ತು ನಿಜವಾದವು. ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ: ಇಲ್ಲಿ ಶಾಲೆ, ಕಚೇರಿ, ಬಸ್ಸಿನ ಮಾತು ಕನ್ನಡವಾದರೂ ಅನೇಕ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು. ಇಡೀ ಪ್ರಕರಣ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಹಿನ್ನೆಲೆ

ವ್ಯಕ್ತಿ 46 ವರ್ಷದ ರೇಷ್ಮೆ ಬೆಳೆಗಾರರು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ತಾಯಿ, ಹೆಂಡತಿ ಮತ್ತು ಪದವಿ ಓದುತ್ತಿರುವ ಮಗಳು ಇದ್ದಾರೆ. ಅಣ್ಣನ ಸಂಸಾರ ಪಕ್ಕದ ಮನೆಯಲ್ಲಿದೆ. ರಕ್ತದೊತ್ತಡದ ಮಾತ್ರೆಯನ್ನು ಆರು ತಿಂಗಳ ಹಿಂದೆ ತಾವೇ ನಿಲ್ಲಿಸಿದ್ದರು. ಒಂದು ನಸುಕಿನಲ್ಲಿ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ತಲೆ ಸುತ್ತಿ, ಕಣ್ಣಿಗೆ ಎರಡೆರಡು ಕಂಡು, ವಾಂತಿಯಾಗಿ ಕುಸಿದರು. ಬೆಂಗಳೂರಿನ ಆಸ್ಪತ್ರೆ ತಲುಪುವ ಹೊತ್ತಿಗೆ ಮಿದುಳು ಕಾಂಡಕ್ಕೆ ರಕ್ತ ಒಯ್ಯುವ ಬೇಸಿಲಾರ್ ಅಪಧಮನಿ ಕಟ್ಟಿಕೊಂಡು, ಮಿದುಳು ಕಾಂಡದ ಪಾನ್ಸ್ ಎಂಬ ಭಾಗದ ಮುಂಬದಿ ಸತ್ತುಹೋಗಿತ್ತು. ಮಿದುಳಿನಿಂದ ಕೈ, ಕಾಲು, ನಾಲಿಗೆ, ಗಂಟಲಿಗೆ ಇಳಿಯುವ ಆಜ್ಞೆಯ ದಾರಿಗಳೆಲ್ಲ ಸಾಗುವುದು ಅಲ್ಲಿಯೇ. ಅರಿವನ್ನು ಎಚ್ಚರವಾಗಿಡುವ ಭಾಗ ಉಳಿದಿತ್ತು. ಕಣ್ಣನ್ನು ಮೇಲೆ ಕೆಳಗೆ ಆಡಿಸುವ ಮತ್ತು ರೆಪ್ಪೆ ಎತ್ತುವ ನರಕೇಂದ್ರಗಳು ಪಾನ್ಸ್‌ನ ಮೇಲಿರುವ ನಡುಮಿದುಳಿನಲ್ಲಿರುವುದರಿಂದ ಅವೂ ಉಳಿದಿದ್ದವು. 1966ರಲ್ಲಿ ಪ್ಲಮ್ ಮತ್ತು ಪೋಸ್ನರ್ ಎಂಬ ನರವೈದ್ಯರು ಈ ಸ್ಥಿತಿಗೆ ಲಾಕ್ಡ್ ಇನ್ ಸಿಂಡ್ರೋಮ್ ಎಂದು ಹೆಸರಿಟ್ಟರು: ಮನುಷ್ಯ ಒಳಗೆ ಪೂರ್ತಿ ಎಚ್ಚರವಾಗಿದ್ದಾನೆ, ಹೊರಗೆ ಬೀಗ ಬಿದ್ದಿದೆ.

ಮೊದಲ ಐದು ವಾರ ಅವರಿಗೆ ಪ್ರಜ್ಞೆಯಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಪ್ರಜ್ಞೆ ಇರುವುದನ್ನು ಕಂಡುಹಿಡಿದದ್ದು ವೈದ್ಯರಲ್ಲ, ಮಗಳು. ಈ ಕಾಯಿಲೆಯಲ್ಲಿ ಹೀಗಾಗುವುದು ಅಪರೂಪವೂ ಅಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತು ಅವಳು ಫೋನಿನಲ್ಲಿ ತಾಯಿಯೊಂದಿಗೆ ಮಾತನಾಡುತ್ತ, ಹುಳು ಮೂರನೇ ಜ್ವರಕ್ಕೆ ಕೂತಿದ್ದರೂ ದೊಡ್ಡಪ್ಪ ಸೊಪ್ಪು ಹಾಕಿಸುತ್ತಿದ್ದಾರಂತೆ ಎಂದಾಗ ತಂದೆಯ ಕಣ್ಣುಗಳು ಸರಕ್ಕನೆ ಮೇಲೆದ್ದವು. ಹುಳು ಪೊರೆ ಬಿಡುವ ಆ ಹೊತ್ತಿನಲ್ಲಿ ಮೇವು ನಿಲ್ಲಿಸಿ ಸುಣ್ಣದ ಪುಡಿ ಉದುರಿಸಬೇಕೆಂಬುದು ರೇಷ್ಮೆ ಸಾಕುವವರಿಗೆಲ್ಲ ಗೊತ್ತು. ಅವಳು ಮಾತು ನಿಲ್ಲಿಸಿ, "ಹಾಕಬಾರದು ಅಂತೀಯಾ ನಾಯನಾ?" ಎಂದಳು. ಮನೆಯಲ್ಲಿ ಅಪ್ಪನನ್ನು ಕರೆಯುವುದು ಹಾಗೆ. ಕಣ್ಣು ಮತ್ತೆ ಮೇಲೆದ್ದಿತು. ಇಂಥ ರೋಗಿಯ ಮುಂದೆ ಹವಾಮಾನ, ವಾರ, ತಿಂಗಳು ಕೇಳುವುದಕ್ಕಿಂತ ಅವರ ಕಸುಬಿನಲ್ಲಿ ಒಂದು ತಪ್ಪು ಮಾಡಿ ತೋರಿಸುವುದು ಮೇಲು ಎಂದು ನನಗೆ ಅನ್ನಿಸುವುದು ಇಂಥ ಕಡೆಗಳಲ್ಲೇ.

ಅಂದಿನಿಂದ ಎರಡು ವರ್ಷ ಒಂದು ರಟ್ಟಿನ ಹಲಗೆಯೇ ಅವರ ಬಾಯಿ. ಸಾಲು ಸಾಲಾಗಿ ಸ್ವರಗಳು, ಕ ವರ್ಗ, ಚ ವರ್ಗ ಎಂದು ಬರೆದು, ಮಗಳು ಮೊದಲು ಸಾಲನ್ನು, ಆಮೇಲೆ ಅದರೊಳಗಿನ ಅಕ್ಷರವನ್ನು ಓದುತ್ತ ಹೋಗುವುದು. ಬೇಕಾದದ್ದು ಬಂದಾಗ ಅವರು ಕಣ್ಣೆತ್ತುವುದು. ಇಂಗ್ಲಿಷಿನಲ್ಲಿ ಇಂಥ ಹಲಗೆಗೆ ಅಕ್ಷರಗಳನ್ನು ಬಳಕೆಯ ಪ್ರಮಾಣ ನೋಡಿ ಜೋಡಿಸಬೇಕಾಗುತ್ತದೆ. ನಮ್ಮ ವರ್ಣಮಾಲೆ ಐದೈದರ ಸಾಲಾಗಿ ಮೊದಲೇ ಜೋಡಿಸಿಕೊಂಡೇ ಬಂದಿದೆ. ಗುಣಿತ, ಒತ್ತು, ಮಹಾಪ್ರಾಣಗಳನ್ನು ಬೇಗನೆ ಕೈಬಿಟ್ಟರು. ಮ, ರ, ಬ, ಡ ಎಂದರೆ "ಮಾರಬೇಡ" ಎಂದು ಮಗಳೇ ತುಂಬಿಕೊಳ್ಳುತ್ತಿದ್ದಳು. ನಿಮಿಷಕ್ಕೆ ನಾಲ್ಕೈದು ಅಕ್ಷರ ಸಾಗುತ್ತಿತ್ತು. ಈ ಎರಡು ವರ್ಷಗಳಲ್ಲಿ ಅವರು ಹಲಗೆಯ ಮೇಲೆ ತೆಲುಗಿನ ಒಂದು ಪದವನ್ನೂ ಕೂಡಿಸಲಿಲ್ಲ. ಅವರಿಗೆ ಅಕ್ಷರವೆಂದರೆ ಕನ್ನಡ. ತೆಲುಗು ಅವರು ಬರೆದ ಭಾಷೆಯೇ ಅಲ್ಲ. ಇದನ್ನು ಆಗ ಯಾರೂ ಗಮನಿಸಲಿಲ್ಲ, ಗಮನಿಸುವ ಕಾರಣವೂ ಇರಲಿಲ್ಲ.

ಉಪಕರಣ

ಹಳ್ಳಿಯಲ್ಲಿ ಅದಕ್ಕೆ ಬಿದ್ದ ಹೆಸರು ಮಾತಿನ ಬಿಲ್ಲೆ. ನಾಲಿಗೆ, ತುಟಿ, ದವಡೆ, ಗಂಟಲನ್ನು ಆಡಿಸುವ ಮಿದುಳಿನ ಭಾಗದ ಮೇಲೆ ವಿದ್ಯುದಗ್ರಗಳ, ಎಂದರೆ ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ಸಣ್ಣ ತುದಿಗಳ, ತೆಳುಹಾಳೆಯೊಂದನ್ನು ಹಾಸಿ, ಕಿವಿಯ ಹಿಂದೆ ಚರ್ಮದಡಿಯಲ್ಲಿ ನಾಲ್ಕಾಣೆಯಗಲದ ಬಿಲ್ಲೆ ಕೂರಿಸುತ್ತಾರೆ. ವ್ಯಕ್ತಿ ಮಾತನಾಡಲು ಯತ್ನಿಸಿದಾಗ ಏಳುವ ಸಂಕೇತಗಳು ದಿಂಬಿನ ಬಳಿಯ ಪೆಟ್ಟಿಗೆಗೆ ಹೋಗಿ ಮಾತಾಗಿ ಹೊರಬರುತ್ತವೆ. ಉಪಕರಣ ಕಲ್ಪಿತವೆಂದೆ, ಆದರೆ ಅದರ ಬೇರುಗಳು ನೆಲದಲ್ಲೇ ಇವೆ. ಅಮೆರಿಕದಲ್ಲಿ 2004ರಲ್ಲಿ ಬ್ರೈನ್‌ಗೇಟ್ ಪ್ರಯೋಗದಲ್ಲಿ ಕುತ್ತಿಗೆಯ ಬಳಿ ಬೆನ್ನುಹುರಿ ತುಂಡಾದ ಯುವಕನೊಬ್ಬ ಮಿದುಳಿಗೆ ಕೂರಿಸಿದ ಪುಟ್ಟ ಚಿಪ್ಪಿನಿಂದ ಪರದೆಯ ಬಾಣವನ್ನು ಸರಿಸಿದ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ, ಮಿದುಳು ಕಾಂಡದ ಪಾರ್ಶ್ವವಾಯುವಿನಿಂದ ಮಾತು ನಿಂತಿದ್ದ ಒಬ್ಬರಿಂದ 50 ಪದಗಳನ್ನು ಹೊರತಂದಿತು. 2023ರಲ್ಲಿ ಅದೇ ತಂಡ 253 ವಿದ್ಯುದಗ್ರಗಳ ಹಾಳೆಯಿಂದ ಮತ್ತೊಬ್ಬ ಮಹಿಳೆಗೆ ನಿಮಿಷಕ್ಕೆ 78 ಪದಗಳ ವೇಗ ಕೊಟ್ಟು, ಆಕೆಯ ಮದುವೆಯ ಹಳೆಯ ವಿಡಿಯೋದಿಂದ ಆಕೆಯದೇ ದನಿಯನ್ನು ಕಟ್ಟಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ತಂಡ 1,25,000 ಪದಗಳ ಶಬ್ದಕೋಶದಲ್ಲಿ ನಿಮಿಷಕ್ಕೆ 62 ಪದಗಳನ್ನು ಮುಟ್ಟಿತು. ಆದರೆ ಅದರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪದ ತಪ್ಪಾಗಿರುತ್ತಿತ್ತು.

ಈ ತಪ್ಪನ್ನು ತಗ್ಗಿಸುವ ಉಪಾಯವೇ ನಮ್ಮ ಪ್ರಕರಣದ ತಿರುವು. ಇಂಥ ವ್ಯವಸ್ಥೆಗೆ ಎರಡು ಹಂತಗಳಿರುತ್ತವೆ. ಮೊದಲ ಹಂತ ಸಂಕೇತಗಳನ್ನು ಧ್ವನಿಗಳಾಗಿ ಗುರುತಿಸುತ್ತದೆ: ಇದು "ಮ" ಇರಬಹುದು, "ಬ" ಕೂಡ ಇರಬಹುದು, ಇಂತಿಷ್ಟು ಸಂಭವ. ಎರಡನೆಯದು ಭಾಷಾ ಮಾದರಿ. ಆ ಅನುಮಾನಗಳ ಸಾಲನ್ನು ನೋಡಿ, ಆ ಭಾಷೆಯಲ್ಲಿ ಇರುವ ಪದಗಳಲ್ಲಿ ಯಾವುದು ಹೆಚ್ಚು ಹೊಂದುತ್ತದೆಂದು ನಿರ್ಧರಿಸುತ್ತದೆ. ನಮ್ಮ ಕಿವಿಯೂ ಗದ್ದಲದಲ್ಲಿ ಅರ್ಧ ಕೇಳಿದ್ದನ್ನು ಹೀಗೆಯೇ ತುಂಬಿಕೊಳ್ಳುತ್ತದೆ. ವ್ಯತ್ಯಾಸವಿಷ್ಟೆ: ಕಿವಿಗೆ ಅನುಮಾನ ಬಂದರೆ ನಾವು "ಏನಂದ್ರಿ?" ಎಂದು ಕೇಳುತ್ತೇವೆ, ಪೆಟ್ಟಿಗೆ ತಾನು ಊಹಿಸಿದ್ದನ್ನೂ ಕೇಳಿದ್ದನ್ನೂ ಒಂದೇ ಗಟ್ಟಿ ದನಿಯಲ್ಲಿ ಹೇಳುತ್ತದೆ.

ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯನ್ನು ಹಲಗೆಯ ಮೂಲಕ, ಹನ್ನೊಂದು ದಿನಗಳಲ್ಲಿ, ಕುಟುಂಬಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಪಡೆಯಲಾಯಿತು. ಆ ಭಾಗದಲ್ಲಿ ಕೊರತೆಯೇನೂ ಇರಲಿಲ್ಲ. ದಾಖಲೆಯ ನಮೂನೆಯಲ್ಲಿ ಮಾತೃಭಾಷೆ ಎಂಬ ಕಡೆ ಅಣ್ಣ "ಕನ್ನಡ" ಎಂದು ಬರೆಸಿದರು. ಸುಳ್ಳು ಹೇಳಬೇಕೆಂದಲ್ಲ, ಕಚೇರಿಯ ಕಾಗದದಲ್ಲಿ ಈ ಸೀಮೆಯ ಎಷ್ಟೋ ಮನೆಗಳವರು ಬರೆಸುವುದು ಅದನ್ನೇ. ನಂತರದ ಏಳು ವಾರ ಅವರು ಪರದೆಯ ಮೇಲೆ ಮೂಡಿದ ಕನ್ನಡ ವಾಕ್ಯಗಳನ್ನು ಮನಸ್ಸಿನ ಬಾಯಿಯಿಂದ ಓದಿ ಪೆಟ್ಟಿಗೆಯನ್ನು ಪಳಗಿಸಿದರು. ತಪ್ಪಿನ ಪ್ರಮಾಣ ಇಳಿಯಿತು. ಮಗಳ ಫೋನಿನಲ್ಲಿದ್ದ ಹಳೆಯ ಧ್ವನಿಸಂದೇಶಗಳಿಂದ ಅವರ ದನಿಯನ್ನು ಕಟ್ಟಲಾಯಿತು. ಎರಡು ವರ್ಷಗಳ ಮೇಲೆ ಆ ದನಿ ಮನೆಯಲ್ಲಿ ಕೇಳಿದ ದಿನ ತಾಯಿ ಪೆಟ್ಟಿಗೆಗೆ ಕುಂಕುಮವಿಟ್ಟರು. ಹಲಗೆ ಅಟ್ಟ ಸೇರಿತು.

ಘಟನೆ

ಬಿಲ್ಲೆ ಬಂದು ಎಂಟು ತಿಂಗಳಾಗಿದ್ದಾಗ, ರಸ್ತೆಗೆ ಹೊಂದಿದ 1 ಎಕರೆ 10 ಗುಂಟೆ ಹಿಪ್ಪುನೇರಳೆ ತೋಟವನ್ನು ಬಡಾವಣೆ ಮಾಡುವವರು ಕೇಳಿ ಬಂದರು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಬೇಸಾಯ ಮಾಡದವರೂ ಕೃಷಿಭೂಮಿ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆಸ್ಪತ್ರೆಯ ಸಾಲ ತೀರಿರಲಿಲ್ಲ. ಅಣ್ಣನಿಗೆ ಮಾರುವ ಮನಸ್ಸಿತ್ತು, ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಪಹಣಿಯಲ್ಲಿ ತಾಯಿ, ಅಣ್ಣ, ಇವರು ಮೂವರ ಹೆಸರೂ ಜಂಟಿಯಾಗಿದ್ದುದರಿಂದ ಇವರ ಒಪ್ಪಿಗೆ ಬೇಕಾಗಿತ್ತು. ಅಶಕ್ತರು ಕಚೇರಿಗೆ ಬರಲಾಗದಿದ್ದರೆ ನೋಂದಣಿ ಅಧಿಕಾರಿಯೇ ಮನೆಗೆ ಹೋಗಿ ವಿಚಾರಿಸಬಹುದೆಂದು 1908ರ ನೋಂದಣಿ ಕಾಯ್ದೆಯ 38ನೇ ಕಲಮು ಹೇಳುತ್ತದೆ. ಪತ್ರ ಬರಹಗಾರರು ಕ್ರಯಪತ್ರದ ಕರಡು ಸಿದ್ಧಪಡಿಸಿದರು. ಅಧಿಕಾರಿ ಬರುವ ದಿನವೂ ಗೊತ್ತಾಯಿತು.

ಅದಕ್ಕೆ ಮೂರು ದಿನ ಮುಂಚೆ ಮನೆಯವರೆಲ್ಲ ಹಾಸಿಗೆಯ ಸುತ್ತ ಸೇರಿದರು. ಕೇಳಿದ್ದು ತಾಯಿ. ಎಂಬತ್ತರ ಹತ್ತಿರದ ಆಕೆ ಮಗನ ಹಣೆ ಸವರಿ, ತೆಲುಗಿನಲ್ಲಿ, "ಅಮ್ಮೇದ್ದಾಮಾ ನಾಯನಾ?" ಎಂದರು, ಮಾರಿಬಿಡೋಣವೇನಪ್ಪ ಎಂದರ್ಥ. ತುಸು ಹೊತ್ತಿನ ಮೇಲೆ ಪೆಟ್ಟಿಗೆ ಅವರ ದನಿಯಲ್ಲಿ ಹೇಳಿತು: "ಅಮ್ಮಂದು."

ಎಲ್ಲರಿಗೂ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ಅನ್ನಿಸಿತು. ಜಮೀನು ಅಮ್ಮನದು, ಅಮ್ಮ ಹೇಳಿದಂತಾಗಲಿ ಎಂದು ಮಗ ಹೇಳಿದನೆಂದು ತಾಯಿ ಕಣ್ಣೊರೆಸಿಕೊಂಡರು. ಅಣ್ಣ ಇನ್ನೊಮ್ಮೆ ಕೇಳಿ ನೋಡೋಣವೆಂದರು. ಮತ್ತೆ ತಾಯಿಯೇ ಕೇಳಿದರು, ಮತ್ತೆ ಅದೇ ಉತ್ತರ. ಮೂರನೆಯ ಸಲ ಪೆಟ್ಟಿಗೆಯಿಂದ ಏನೂ ಬರಲಿಲ್ಲ, ಅವರು ಕಣ್ಣು ಮುಚ್ಚಿಕೊಂಡರು. ಆಯಾಸವಾಗಿದೆ ಎಂದುಕೊಂಡು ಎಲ್ಲರೂ ಎದ್ದರು.

ಸಂಜೆ ಮಗಳು ಬೆಂಗಳೂರಿನಿಂದ ಬಂದಾಗಲೂ ಕಣ್ಣು ಮುಚ್ಚಿಯೇ ಇತ್ತು. ಊಟದ ನಳಿಕೆ ಜೋಡಿಸುವಾಗ, ತಿರುಗಿಸಿ ಮಲಗಿಸುವಾಗ ಕೇಳಿದ ಯಾವ ಪ್ರಶ್ನೆಗೂ ಪೆಟ್ಟಿಗೆ ಮಾತಾಡಲಿಲ್ಲ. ಆಸ್ಪತ್ರೆಯ ದಿನಗಳಿಂದ ತಂದೆಯ ಕಣ್ಣುಗಳನ್ನು ಓದಬಲ್ಲ ಅವಳಿಗೆ ಅದು ಆಯಾಸದ ಕಣ್ಣಲ್ಲ, ಸಿಟ್ಟಿನ ಕಣ್ಣು ಎಂದು ತಿಳಿಯಿತು. ರಾತ್ರಿ ಅಟ್ಟದಿಂದ ಹಲಗೆ ಇಳಿಸಿ, ಧೂಳು ಒರೆಸಿ, ಸಾಲುಗಳನ್ನು ಓದತೊಡಗಿದಳು. ಪ ವರ್ಗಕ್ಕೆ ಕಣ್ಣೆದ್ದಿತು. ಮ. ಆಮೇಲೆ ರ. ಆಮೇಲೆ ಬ. ನಾಲ್ಕನೆಯ ಅಕ್ಷರದ ತನಕ ಕಾಯುವುದು ಅವಶ್ಯವಾಗಿತ್ತು, ಏಕೆಂದರೆ ಕನ್ನಡದಲ್ಲಿ ಬೇಕು ಎಂಬುದೂ ಬೇಡ ಎಂಬುದೂ ಒಂದೇ ಬಾಗಿಲಿನಿಂದ ಹೊರಟು ಕೊನೆಯಲ್ಲಿ ಅಗಲುತ್ತವೆ. ಬಂದದ್ದು ಡ.

ಪರಿಶೀಲನೆ

ಮರುದಿನ ವಾಕ್ ಚಿಕಿತ್ಸಕಿ ಬಂದು ಪೆಟ್ಟಿಗೆಯೊಳಗಿನ ದಾಖಲೆ ತೆರೆದರು. ಹೊರಬಿದ್ದ ಮಾತು "ಅಮ್ಮಂದು" ಆಗಿದ್ದರೂ, ಮೊದಲ ಹಂತ ಗುರುತಿಸಿದ ಧ್ವನಿಗಳ ಸಾಲಿನಲ್ಲಿ "ಮ್ಮ"ದ ನಂತರ ಒ ಸ್ವರಕ್ಕೂ ದಕಾರದ ಒತ್ತಿಗೂ ಹೆಚ್ಚಿನ ಸಂಭವ ನಮೂದಾಗಿತ್ತು: ಅಮ್ಮೊದ್ದು. ತೆಲುಗಿನಲ್ಲಿ ಅಮ್ಮು ಎಂದರೆ ಮಾರು. ಅಮ್ಮೊದ್ದು ಎಂದರೆ ಮಾರಬೇಡ. ಕನ್ನಡದ ಶಬ್ದಕೋಶವಷ್ಟೇ ಗೊತ್ತಿದ್ದ ಎರಡನೆಯ ಹಂತಕ್ಕೆ ಅಂಥ ಪದವಿರಲಿಲ್ಲ. ಹತ್ತಿರದಲ್ಲಿ ಸಿಕ್ಕಿದ್ದು ಅಮ್ಮಂದು. ಧ್ವನಿ ಸರಿಯಾಗಿ ಕೇಳಿಸಿತ್ತು, ತಿದ್ದಿದ್ದು ತಪ್ಪಾಗಿತ್ತು.

ತಾಯಿ ಕೇಳಿದ ಭಾಷೆಯಲ್ಲೇ ಮಗ ಉತ್ತರಿಸಿದ್ದರು. ಇದಕ್ಕಿಂತ ಸಹಜವಾದದ್ದು ಇನ್ನಾವುದೂ ಇಲ್ಲ. ಎಂಟು ತಿಂಗಳು ಇದು ಹೊರಗೆ ಬೀಳದೆ ಇದ್ದದ್ದೇಕೆ ಎಂಬುದು ಚಿಕಿತ್ಸಕಿಯನ್ನು ಹೆಚ್ಚು ಕಾಡಿತು. ಹಳೆಯ ದಾಖಲೆಗಳನ್ನು ತಿರುವಿದಾಗ, ತಾಯಿಯೊಂದಿಗಿನ ಮಾತುಗಳಲ್ಲಿ ಅರ್ಥವಾಗದ ಉತ್ತರಗಳು ಉಳಿದವರೊಂದಿಗಿನ ಮಾತಿಗಿಂತ ಬಹಳ ಹೆಚ್ಚು ಇದ್ದವು. ಮನೆಯವರು ಅವನ್ನು ಯಂತ್ರದ ತೊದಲು ಎಂದು ಬಿಟ್ಟಿದ್ದರು. ಅವರೂ ತಾವಾಗಿ ಹೆಂಡತಿ, ಮಗಳೊಡನೆ ಕನ್ನಡಕ್ಕೆ ಹೊರಳಿಕೊಂಡಿದ್ದರು, ಪೆಟ್ಟಿಗೆಗೆ ಅರ್ಥವಾಗುವುದು ಅದೊಂದೇ ಎಂದು ಅರಿತು. ಎರಡು ವರ್ಷ ಬಾಯಿಲ್ಲದೆ ಇದ್ದವರು ಬಾಯಿ ಸಿಕ್ಕ ಮೇಲೆ ತಮ್ಮ ಮನೆಯಲ್ಲೇ ಕಚೇರಿಯ ಭಾಷೆ ಆಡಬೇಕಾಗಿ ಬಂದದ್ದು ನನಗೆ ಜಮೀನಿನ ವಿಷಯಕ್ಕಿಂತ ದೊಡ್ಡ ಕೊರತೆಯಾಗಿ ಕಾಣುತ್ತದೆ. ಹಲಗೆಯ ಮೇಲೆ ಮೂಡುತ್ತಿದ್ದುದು ಶಾಲೆಯಲ್ಲಿ ಕಲಿತ ಬರಹ. ಬಿಲ್ಲೆ ಹಿಡಿಯುವುದು ನಾಲಿಗೆಯ ಚಲನೆಯನ್ನು, ಮತ್ತು ನಾಲಿಗೆ ತಾಯಿಯ ಮಗ್ಗುಲಲ್ಲಿ ಪಳಗಿದ್ದು. ಒಬ್ಬರದೇ ಎರಡು ಬಾಯಿಗಳಿಗೆ ಎರಡು ಭಾಷೆಗಳಿರಬಹುದೆಂಬುದು ನಮೂನೆಯ ಒಂದು ಕಡೆಯಲ್ಲಿ ಹಿಡಿಸುವ ಸಂಗತಿಯಲ್ಲ.

ಇದನ್ನು ತಂತ್ರಜ್ಞಾನದ ಮಿತಿ ಎಂದು ಬಿಡಲಾಗದು. 2021ರಲ್ಲಿ 50 ಪದಗಳನ್ನಾಡಿದ ಅದೇ ವ್ಯಕ್ತಿಯ ಮಾತೃಭಾಷೆ ಸ್ಪ್ಯಾನಿಷ್. 2024ರಲ್ಲಿ ಅದೇ ತಂಡ ಆತನ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಒಂದೇ ಹಾಳೆಯಿಂದ ಬಿಡಿಸಿ, ಆತ ಯಾವ ಭಾಷೆಯಲ್ಲಿ ಹೇಳಲು ಹೊರಟಿದ್ದಾನೆಂದು ಮೊದಲೇ ಕೇಳದೆ, ಯಾವ ಭಾಷೆಯಲ್ಲಿ ವಾಕ್ಯ ಹೆಚ್ಚು ಕೂಡಿಬರುತ್ತದೆಂಬುದರಿಂದಲೇ ಅದನ್ನು ಗೊತ್ತುಮಾಡಿ ತೋರಿಸಿತು. ಉಚ್ಚಾರಣೆಯ ಚಲನೆಗಳನ್ನು ಮಿದುಳು ಎರಡು ಭಾಷೆಗಳಿಗೂ ಬಹುಪಾಲು ಹಂಚಿಕೊಂಡೇ ಬಳಸುತ್ತದೆ ಎಂಬುದೂ ಅಲ್ಲಿ ಕಂಡುಬಂತು. ದಾರಿ ಇತ್ತು, ಆ ದಾರಿ ಬೇಕೆಂದು ಯಾರೂ ಕೇಳಿರಲಿಲ್ಲ.

ಇನ್ನೆರಡು ಸಂಗತಿಗಳನ್ನು ಚಿಕಿತ್ಸಕಿ ಗುರುತಿಸಿದರು. ಎರಡು ಸಲ ಒಂದೇ ಉತ್ತರ ಬಂದದ್ದನ್ನು ಮನೆಯವರು ಖಾತ್ರಿಯೆಂದು ತಿಳಿದರು. ಆದರೆ ಒಂದೇ ಪ್ರಶ್ನೆಯನ್ನು ಒಂದೇ ಯಂತ್ರಕ್ಕೆ ಎರಡು ಸಲ ಹಾಕಿದರೆ ಒಂದೇ ತಪ್ಪು ಎರಡು ಸಲ ಬರುತ್ತದೆ. "ಮಾರೋಣವೇ" ಎಂದ ಮೇಲೆ "ಉಳಿಸಿಕೊಳ್ಳೋಣವೇ" ಎಂದೂ ಕೇಳಿ, ಎರಡಕ್ಕೂ ಕಣ್ಣಿನ ಉತ್ತರ ಪಡೆದಿದ್ದರೆ ಸಾಕಿತ್ತು. ಎರಡನೆಯದು ದನಿ. ಪರದೆಯ ಮೇಲೆ ಬರಿಯ ಅಕ್ಷರವಾಗಿ ಮೂಡಿದ್ದರೆ "ಅಮ್ಮಂದು" ಎಂಬ ಒಂಟಿ ಪದ ಯಾರಿಗಾದರೂ ಅರೆಬರೆಯಾಗಿ ತೋರುತ್ತಿತ್ತು. ಮಗನ ಸ್ವಂತ ದನಿಯಲ್ಲಿ ಬಂದ ಮಾತನ್ನು ತಾಯಿ ಅನುಮಾನಿಸುವುದು ಹೇಗೆ? ಆ ದನಿಯನ್ನು ಕಟ್ಟಿಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ದನಿಯ ಜೊತೆಗೆ ಅನುಮಾನದ ಗುರುತನ್ನೂ ಕೊಡದೆ ಹೋದದ್ದು ತಪ್ಪು.

ಕಾನೂನಿನ ಕಡೆಯಿಂದ ನೋಡಿದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಕಲಮು ಆಸ್ತಿಯನ್ನು ಹೊಂದುವ, ತನ್ನ ಹಣಕಾಸನ್ನು ನಿಭಾಯಿಸುವ ಹಕ್ಕು ಅಂಗವಿಕಲರಿಗೂ ಇತರರಂತೆಯೇ ಇದೆ ಎನ್ನುತ್ತದೆ. ನೆರವು ನೀಡುವವರ ಹಿತವೂ ಆ ವ್ಯಕ್ತಿಯ ಹಿತವೂ ಒಂದು ಆಸ್ತಿ ವ್ಯವಹಾರದಲ್ಲಿ ಎದುರುಬದುರಾದರೆ, ಆ ವ್ಯವಹಾರದ ಮಟ್ಟಿಗೆ ಅವರು ನೆರವಿನಿಂದ ಹಿಂದೆ ಸರಿಯಬೇಕೆಂದೂ, ಆದರೆ ರಕ್ತಸಂಬಂಧಿ ಎಂಬ ಒಂದೇ ಕಾರಣಕ್ಕೆ ಹಾಗೆ ಭಾವಿಸಬಾರದೆಂದೂ ಅದೇ ಕಲಮಿನಲ್ಲಿದೆ. ಇಲ್ಲಿ ಅಣ್ಣ ಮಾರುವವರಲ್ಲಿ ಒಬ್ಬರು, ಪ್ರಶ್ನೆಯ ದಿನ ಪೆಟ್ಟಿಗೆಯನ್ನು ನಡೆಸುವ ಗುಂಡಿ ಹಿಡಿದವರೂ ಅವರೇ. ಅವರು ಮೋಸ ಮಾಡಲಿಲ್ಲ. ಇನ್ನೊಮ್ಮೆ ಕೇಳೋಣವೆಂದವರೂ ಅವರೇ. ಆದರೂ ಆ ಕುರ್ಚಿಯಲ್ಲಿ ಕೂರಬೇಕಾದವರು ಅವರಾಗಿರಲಿಲ್ಲ. ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ಮನುಷ್ಯ ಸಹಾಯಕ. ಪದವನ್ನೇ ಆರಿಸಿಕೊಡುವ ಪೆಟ್ಟಿಗೆಯೂ ಒಂದು ಬಗೆಯ ಸಹಾಯಕನೇ ಅಲ್ಲವೇ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚೆಗೆ ಬಿಡುತ್ತೇನೆ.

ಆಮೇಲೆ

ಅಧಿಕಾರಿಯ ಭೇಟಿಯನ್ನು ರದ್ದುಮಾಡಿಸಲಾಯಿತು. ಅಣ್ಣ ನಾಲ್ಕು ದಿನ ಮನೆಗೆ ಬರಲಿಲ್ಲ. ಮುಂಗಡವಾಗಿ ಪಡೆದ ಹಣದಲ್ಲಿ ಒಂದು ಪಾಲು ಆಗಲೇ ಬಡ್ಡಿಗೆ ಕಟ್ಟಿಹೋಗಿತ್ತು. ಐದನೇ ದಿನ ಬಂದವರು ತಮ್ಮನ ಕಾಲ ಬಳಿ ಬಹಳ ಹೊತ್ತು ಕೂತಿದ್ದು ಹೋದರು.

ಪೆಟ್ಟಿಗೆಗೆ ತೆಲುಗು ಸೇರಿಸುವ ಕೆಲಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ತಯಾರಕರು ಕಳುಹಿಸಿದ್ದು ಪುಸ್ತಕದ ತೆಲುಗು. ಈ ಮನೆಯ ಮಾತು ಕನ್ನಡದ ಪದಗಳನ್ನು ಧಾರಾಳವಾಗಿ ನುಂಗಿಕೊಂಡ ತೆಲುಗು, ಒಂದು ವಾಕ್ಯ ಇಲ್ಲಿ ಹುಟ್ಟಿ ಅಲ್ಲಿ ಮುಗಿಯುವಂಥದ್ದು. ತೆಲುಗು ಓದಲು ಬಾರದವರಿಗೆ ಪರದೆಯ ಮೇಲೆ ತೆಲುಗು ಲಿಪಿ ತೋರಿಸಿ ಪಳಗಿಸುವುದೂ ಸಾಧ್ಯವಿರಲಿಲ್ಲ. ಕೊನೆಗೆ ತಾಯಿಯೇ ಒಂದೊಂದು ಮಾತನ್ನು ಹೇಳುವುದು, ಮಗ ಅದನ್ನು ಮನಸ್ಸಿನಲ್ಲಿ ತಿರುಗಿ ಹೇಳುವುದು ಎಂದಾಯಿತು. ಚಿಕಿತ್ಸಕಿ ಆರು ನೂರು ವಾಕ್ಯಗಳ ಪಟ್ಟಿ ಮಾಡಿಕೊಂಡು ಬಂದಿದ್ದರು; ತಾಯಿ ಅದನ್ನು ಬದಿಗಿಟ್ಟು, ಮಗ ಚಿಕ್ಕವನಿದ್ದಾಗಿನ ಸಂಗತಿಗಳನ್ನು, ನೆರೆಯವರ ಜಗಳಗಳನ್ನು, ಹುಳುಮನೆಯ ಕೆಲಸಗಳನ್ನು ಹೇಳುತ್ತ ಹೋದರು. ಪಟ್ಟಿಗಿಂತ ಅದೇ ಚೆನ್ನಾಗಿ ಕೆಲಸ ಮಾಡಿತು.

ಮೂರು ತಿಂಗಳ ನಂತರ ಅವರು ತೋಟವನ್ನು ಬಿಟ್ಟು ಹಿಂದಿನ ಖುಷ್ಕಿ ಜಮೀನಿನಲ್ಲಿ 15 ಗುಂಟೆ ಮಾರಲು ಒಪ್ಪಿದರು. ಅದನ್ನು ಬಿಲ್ಲೆಯಿಂದ ಕೇಳಿ, ತಿರುಗುಮುರುಗು ಪ್ರಶ್ನೆ ಹಾಕಿ, ಮರುದಿನ ಹಲಗೆಯ ಮೇಲೆ ಅಕ್ಷರ ಕೂಡಿಸಿ ಗೊತ್ತುಮಾಡಲಾಯಿತು. ಗುಂಡಿ ಹಿಡಿದವರು ಪಕ್ಕದ ಊರಿನ ನಿವೃತ್ತ ಶಿಕ್ಷಕರು. ಸಾಲ ಪೂರ್ತಿ ತೀರಲಿಲ್ಲ.

ಅನುಮಾನವಿರುವ ಪದವನ್ನು ಪೆಟ್ಟಿಗೆ ತಗ್ಗಿದ ದನಿಯಲ್ಲಿ ಹೇಳಿ, ಕಣ್ಣೆತ್ತಿದ ಮೇಲಷ್ಟೇ ಗಟ್ಟಿಯಾಗಿ ಹೇಳುವಂತೆ ಹೊಸ ಏರ್ಪಾಡು ಮಾಡಿಕೊಟ್ಟಿದ್ದರು. ಎರಡು ವಾರದ ಮೇಲೆ ಅವರು ಅದನ್ನು ತೆಗೆಸಿಹಾಕಿದರು. ಮನೆಮಾತಿನಲ್ಲಿ ಪದ ಪದಕ್ಕೂ ನಿಂತು ಒಪ್ಪಿಗೆ ಕೊಡುವುದು ಬೇಸರ ತಂದಿತ್ತು. ತಪ್ಪು ಮಾತಿಗೆ ತಾಯಿ ನಗುವುದೇ ಅವರಿಗೆ ಹೆಚ್ಚು ಹಿಡಿಸುತ್ತಿತ್ತು. ಕಾಗದಪತ್ರದ ದಿನ ಮಾತ್ರ ಅದನ್ನು ಹಾಕಬೇಕೆಂದು ಮಗಳಿಗೆ ಹೇಳಿಟ್ಟಿದ್ದಾರೆ. ಹಲಗೆ ಈಗ ಅಟ್ಟದ ಮೇಲಿಲ್ಲ, ಹಾಸಿಗೆಯ ತಲೆಯ ಕಡೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ.